ಅವ್ವನ ಕಥೆ ಬರೆಯಬೇಕಾ? ಮೊದಲು ಉದ್ರಿ ಪುಸ್ತಕ ಹುಡುಕಿ

ಮನೆಯ ಹಿರಿಯರು ಹೋದ ಮೇಲೆ, ಶಿವಗಣಾರಾಧನೆಗೆ ಹಂಚಲು ಒಂದು ಪುಟ ಬರೆದುಕೊಡು ಅಂತ ಯಾರೋ ಹೇಳುತ್ತಾರೆ. ಕೂತರೆ 'ತ್ಯಾಗಮಯಿ', 'ಶ್ರಮಜೀವಿ' ಬಿಟ್ಟು ಮೂರನೇ ಪದ ಹೊಳೆಯುವುದಿಲ್ಲ. ದೊಡ್ಡವ್ವ ಹೋದಾಗ ನನಗೆ ಹೀಗೇ ಆಯ್ತು. ಅದಕ್ಕೇ ಅವ್ವನ ಕಥೆಯನ್ನು ಅವಳು ಇರುವಾಗಲೇ ಬರೆದೆ. ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸಿ, ಅದೇ ಒಲೆಯ ಪಕ್ಕ ಐದು ಮಕ್ಕಳನ್ನು ಬೆಳೆಸಿದವಳು. ಬರೆಯಲು ಎರಡು ವರ್ಷ ಹಿಡಿಯಿತು, ಅದರಲ್ಲಿ ಅರ್ಧ ನನ್ನ ತಪ್ಪುಗಳಿಗೇ ಹೋಯಿತು.

ಮೊದಲ ತಪ್ಪು: ಎದುರು ಕೂರಿಸಿ, ಮೊಬೈಲ್ ಹಿಡಿದು, 'ನಿನ್ನ ಜೀವನದ ಬಗ್ಗೆ ಹೇಳವ್ವಾ' ಅಂದದ್ದು. 'ಏನ್ ಹೇಳೂದೈತಿ, ರೊಟ್ಟಿ ಬಡದೆ, ನಿಮ್ಮನ್ನ ಸಾಕಿದೆ' ಅಂತ ಮುಗಿಸಿಬಿಟ್ಟಳು. ಕೈಗೆ ಕೆಲಸ ಕೊಡಿ. ಬಳ್ಳೊಳ್ಳಿ ಸುಲಿಯುವಾಗ, ಅಕ್ಕಿ ಆರಿಸುವಾಗ ಮಾತು ತಾನೇ ಬರುತ್ತದೆ. ಪ್ರಶ್ನೆ ಸಣ್ಣದಿರಲಿ. ಮೊದಲ ದಿನ ಎಷ್ಟು ಜನ ಉಂಡರು? ಜೋಳ ಯಾರ ಹತ್ತಿರ ತಂದೆ? ದುಡ್ಡು ಎಲ್ಲಿ ಇಡ್ತಿದ್ದೆ? ಕೊನೆಯದಕ್ಕೆ ಅವ್ವ ನಕ್ಕು 'ಮೆಂತೆ ಡಬ್ಬ್ಯಾಗ' ಅಂದಳು. ಆ ಡಬ್ಬಿ ನೋಡುತ್ತಲೇ ಬೆಳೆದವನು ನಾನು, ಒಮ್ಮೆಯೂ ಕೈ ಹಾಕಿರಲಿಲ್ಲ. ಮೆಂತೆ ಯಾರಿಗೆ ಬೇಕು ಅಲ್ವಾ!

ಅಂಕಿಗಳನ್ನು ಬಿಡಬೇಡಿ. 1959ರ ಮಾರ್ಚ್ 15ರಂದು ಮುಂಬೈಯ ಗಿರಗಾಂವ್‌ನಲ್ಲಿ ಜಸವಂತಿಬೆನ್ ಪೋಪಟ್ ಸೇರಿ 7 ಹೆಂಗಸರು 80 ರೂಪಾಯಿ ಸಾಲ ತೆಗೆದು ಲಿಜ್ಜತ್ ಹಪ್ಪಳ ಶುರು ಮಾಡಿದರು, ಮೊದಲ ದಿನ ಮಾಡಿದ್ದು 4 ಪ್ಯಾಕೆಟ್. 'ಕಷ್ಟಪಟ್ಟು ಮೇಲೆ ಬಂದರು' ಅಂತ ಬರೆದಿದ್ದರೆ ಆ 80 ರೂಪಾಯಿಯ ಭಯ ನಮಗೆ ಸಿಗುತ್ತಿತ್ತಾ? ಅವ್ವ ಸಾಲಕ್ಕೆ ಹೋದಾಗ ಒಂದು ಬ್ಯಾಂಕಿನವರು ಗಂಡನ ಸಹಿ ಬೇಕು ಅಂದರಂತೆ. ಗಂಡ ಹೋಗಿ ಆರು ತಿಂಗಳಾಗಿತ್ತು. ಕೊನೆಗೆ ಒಂದು ಜೊತೆ ಪಾಟ್ಲಿ ಬಳೆ ಅಡ ಇಟ್ಟು ಪಾತ್ರೆ ತಂದಳು. ಇಂಥದ್ದನ್ನು ಕೇಳಿದ ದಿನವೇ ಬರೆದುಕೊಳ್ಳಿ.

ಇನ್ನು ಇಸವಿ. ನಮ್ಮ ಹಿರಿಯರು ಇಸವಿ ಹೇಳುವುದಿಲ್ಲ, ಗುರುತು ಹೇಳುತ್ತಾರೆ: 'ಬರ ಬಿದ್ದಿತ್ತಲ್ಲ, ಆ ವರ್ಷ.' ಯಾವ ಬರ? ಸಂವತ್ಸರ ಕೇಳಿ, ಅದು ಅವರಿಗೆ ನೆನಪಿರುತ್ತದೆ. 1987ರ ಯುಗಾದಿಗೆ ಪ್ರಭವ ಬಂತು, ಅಲ್ಲಿಂದ ಪಂಚಾಂಗದ ಪಟ್ಟಿ ಹಿಡಿದು ಹಿಂದಕ್ಕೆ ಎಣಿಸಿದರಾಯಿತು. ಅವ್ವ ಪರಿಧಾವಿ ಅಂದಳು, ಅಂದರೆ 1972-73, ದೊಡ್ಡ ಬರದ ಕಾಲವೇ. ಗೋಕಾಕ್ ಚಳವಳಿ (1982), ಇಂದಿರಾ ಗಾಂಧಿ ಹತ್ಯೆ (1984) ಕೂಡ ಒಳ್ಳೆಯ ಗೂಟಗಳು. 'ಅದಕ್ಕಿಂತ ಮುಂಚೆಯೋ, ಆಮೇಲೋ' ಅಂತ ಕೇಳಿದರೆ ಸಾಕು. ಒಂದು ಎಚ್ಚರಿಕೆ: ಉದ್ರಿ ಪುಸ್ತಕದಲ್ಲಿ, ಅಂದರೆ ಸಾಲದ ಊಟದ ಲೆಕ್ಕದಲ್ಲಿ, 'ಎಂಟಾಣೆ' ಅಂತ ಕಂಡು ನಾನು ಜಾಣನ ಹಾಗೆ 1956ರ ಪುಟ ಅಂತ ಬರೆದುಬಿಟ್ಟಿದ್ದೆ. ಆಣೆ ಹೋಗಿ ನಯೆ ಪೈಸೆ ಬಂದದ್ದು 1957ರಲ್ಲಿ ನಿಜ, ಆದರೆ 50 ಪೈಸೆಗೆ ಜನ ಎಷ್ಟೋ ವರ್ಷ ಎಂಟಾಣೆ ಅಂತಲೇ ಅನ್ನುತ್ತಿದ್ದರು.

ಈಗ ಉದ್ರಿ ಪುಸ್ತಕ. ಟ್ರಂಕಿನ ತಳ, ದೇವರ ಕೋಣೆಯ ಮಾಡ, ಎಲ್ಲ ಹುಡುಕಿ. ಪೆನ್ಸಿಲ್ ಮಾಸಿದ್ದರೆ ಬೆಳಕು ಪಕ್ಕದಿಂದ ಬೀಳುವಂತೆ ಹಿಡಿದು ಫೋಟೋ ತೆಗೆಯಿರಿ. ಬಾಕಿ ಇದ್ದವರ ಹೆಸರು ಮಾತ್ರ ಅಚ್ಚು ಹಾಕಿಸಬೇಡಿ, ಅವರ ಮಕ್ಕಳು ಇದೇ ಊರಲ್ಲಿದ್ದಾರೆ. ನಮ್ಮ ಪುಸ್ತಕದ ಒಂದು ಪುಟದಲ್ಲಿ ಹೆಸರೇ ಇರಲಿಲ್ಲ. 'ಚಾಳೀಸಿನ ಹುಡುಗ, 11 ಊಟ' ಅಂತಿತ್ತು (ಚಾಳೀಸು ಅಂದರೆ ಕನ್ನಡಕ), ಮೇಲೆ ಅಡ್ಡ ಗೀಟು. ಅಕ್ಷರ ಅಕ್ಕನದು. ಅವ್ವನಿಗೆ ಬರೆಯಲು ಬರುತ್ತಿರಲಿಲ್ಲ, ಒಂಬತ್ತು ವರ್ಷದ ಅಕ್ಕ ರಾತ್ರಿ ಕಂದೀಲು ಹಚ್ಚಿಕೊಂಡು ಲೆಕ್ಕ ಬರೆಯುತ್ತಿದ್ದಳು.

ಹಾಗಾಗಿ 'ತಾಯಿ' ಅಂತ ಒಂದು ಅಧ್ಯಾಯ, 'ವ್ಯಾಪಾರ' ಅಂತ ಇನ್ನೊಂದು ಮಾಡಲು ಹೋಗಬೇಡಿ. ಎರಡೂ ಒಂದೇ ಪುಟದಲ್ಲಿರುತ್ತವೆ. ಮಕ್ಕಳನ್ನು ಒಬ್ಬೊಬ್ಬರನ್ನೇ ಬೇರೆ ಬೇರೆ ಕೇಳಿ. ನನಗೆ ನೆನಪಿರುವುದು ಬಿಸಿ ರೊಟ್ಟಿ. ಅಕ್ಕನಿಗೆ ನೆನಪಿರುವುದು ಏಳನೇ ಇಯತ್ತೆಗೆ ಶಾಲೆ ಬಿಟ್ಟದ್ದು. 'ನೀ ಕಾಲೇಜಿಗೆ ಹೋದಿ, ನಾ ಉದ್ರಿ ಬರದೆ' ಅಂದಳು. ಅದನ್ನು ಬರೆಯುವುದೋ ಬೇಡವೋ ಅಂತ ತಿಂಗಳುಗಟ್ಟಲೆ ಒದ್ದಾಡಿದೆ. ಸುಮ್ನೆ ಒದ್ದಾಡಿದ್ದು. ಬರೆದದ್ದನ್ನು ಅವರಿಗೇ ಓದಿ ಹೇಳಿ, ಅಷ್ಟೇ.

ನಾನು ಓದಿದಾಗ ಅಕ್ಕನ ಮಾತು ಬಂದಲ್ಲಿ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು 'ಇರ್ಲಿ, ಖರೇನ ಐತಿ' ಅಂದಳು. ಚಾಳೀಸಿನ ಹುಡುಗನ ಪುಟ ಬಂದಾಗ ಮಾತ್ರ ತಡೆದಳು. 'ಹನ್ನೊಂದಲ್ಲ, ಹದಿಮೂರು. ಎರಡು ಊಟ ನಾನ ಬರಸಲಿಲ್ಲ.'