ಹೊಸ ಸಂಗೀತ ನಾಟಕಕ್ಕೆ ದಾನಿಗಳನ್ನು ಹುಡುಕಿದ್ದು: ನನ್ನ ಅನುಭವ

ನಾನು ಸಂಗೀತ ನಾಟಕಗಳಿಗೆ ಮಾತು, ಹಾಡು ಬರೆಯುತ್ತೇನೆ. ಸಂಗೀತ ಗೆಳೆಯನದು. ಯಾವ ದಾನಿಯ ಹತ್ತಿರ ಹೋದರೂ ಮೊದಲ ಪ್ರಶ್ನೆ ಒಂದೇ, "ಪ್ರದರ್ಶನ ಯಾವಾಗ?" ನಾಟಕ ಇನ್ನೂ ಅರ್ಧವೂ ಆಗಿರುವುದಿಲ್ಲ! ಸೆಟ್ಟಿಗೆ, ಲೈಟಿಗೆ ಕೊಡುವವರು ಹೇಗೋ ಸಿಗುತ್ತಾರೆ, ಬರೆಯುವವರಿಗೆ ಕೊಡುವವರು ಕಡಿಮೆ.

ಅದಕ್ಕೇ ನಾನು ಈಗ ರೀಡಿಂಗಿಗೆ ಮಾತ್ರ ಹಣ ಕೇಳುತ್ತೇನೆ. ವೇಷ ಇಲ್ಲ, ಸೆಟ್ ಇಲ್ಲ, ಕೈಯಲ್ಲಿ ಸ್ಕ್ರಿಪ್ಟ್ ಹಿಡಿದ ನಟರು ಮತ್ತು ಒಂದು ಪಿಯಾನೋ, ಅಷ್ಟೇ. ಮಾತಿನ ನಾಟಕವಾದರೆ ಓದಿಯೇ ಒಂದಿಷ್ಟು ಅಂದಾಜು ಸಿಗುತ್ತದೆ. ಇಲ್ಲಿ ಹಾಗಲ್ಲ, ಹಾಡು ಕಥೆಯನ್ನು ಮುಂದಕ್ಕೆ ಒಯ್ಯುತ್ತಿದೆಯಾ ಸುಮ್ನೆ ನಿಲ್ಲಿಸಿದೆಯಾ ಅನ್ನುವುದು ಯಾರಾದರೂ ಹಾಡಿದಾಗಲೇ ಗೊತ್ತಾಗುವುದು. ಒಂದು ಹಾಡು ತೆಗೆದರೆ ಅದರ ಹಿಂದಿನ ಮಾತು, ಮುಂದಿನ ಹಾಡಿನ ಶ್ರುತಿ, ಕೋರಸ್ಸಿನವರ ಸ್ವರಲಿಪಿ ಎಲ್ಲವನ್ನೂ ಮತ್ತೆ ಬರೆಯಬೇಕು. ಹಾಡುವವರಿಗೂ ಪಿಯಾನೋದವರಿಗೂ ಪ್ರತಿಸಲ ಸಂಭಾವನೆ ಕೊಡಬೇಕಲ್ವಾ? ಈ ಖರ್ಚು ಪ್ರೇಕ್ಷಕರ ಕಣ್ಣಿಗೆ ಬೀಳುವುದೇ ಇಲ್ಲ.

ಹೀಗೆ ಕೊಡುವುದು ಹೊಸದೇನಲ್ಲ ಅಂತ ತೋರಿಸಲು ಅಮೆರಿಕದ ಉದಾಹರಣೆ ಹೇಳುತ್ತೇನೆ. ಸಂಗೀತಗಾರ ರಿಚರ್ಡ್ ರಾಡ್ಜರ್ಸ್ 1978ರಲ್ಲಿ ಕೊಟ್ಟ ದತ್ತಿಯ ಹಣ ಹೊಸ ಸಂಗೀತ ನಾಟಕಗಳ ರೀಡಿಂಗ್, ಸಣ್ಣ ಸ್ಟುಡಿಯೋ ಪ್ರಯೋಗಗಳಿಗೆ ಹೋಗುತ್ತದೆ. ಜೊನಾಥನ್ ಲಾರ್ಸನ್ ಬರೆದ 'ರೆಂಟ್' 1996ರಲ್ಲಿ ಬ್ರಾಡ್‌ವೇಗೆ, ಅಂದರೆ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳಿಗೆ, ಬರುವ ಮೊದಲು ಆ ನೆರವು ಪಡೆದಿತ್ತು. ಅದನ್ನು ಬ್ರಾಡ್‌ವೇಯಲ್ಲಿ ನೋಡಲು ಲಾರ್ಸನ್ ಬದುಕಿರಲಿಲ್ಲ. ಈಗ ಅವರ ಹೆಸರಲ್ಲೇ ಎಳೆಯ ಬರಹಗಾರರಿಗೆ ಅನುದಾನ ಇದೆ. ಇನ್ನು ಸಂಗೀತ ನಾಟಕಗಳಿಗೆ ಹಾಡು ಬರೆಯುತ್ತಿದ್ದ ಎಡ್ ಕ್ಲೆಬನ್ ಉಯಿಲಿನಿಂದ ಶುರುವಾದ ಬಹುಮಾನ 1,00,000 ಡಾಲರ್, ಎರಡು ವರ್ಷದಲ್ಲಿ ಸಿಗುತ್ತದೆ. ಅದು ಹಾಡು ಬರೆಯುವವರಿಗೆ, ಮಾತು ಬರೆಯುವವರಿಗೆ. ಇದನ್ನು ಕೇಳಿದರೆ ನನಗೆ ಹೊಟ್ಟೆಕಿಚ್ಚು ಜಾಸ್ತಿ.

ಷರತ್ತು ಮೊದಲೇ ಬರೆದುಕೊಳ್ಳುತ್ತೇವೆ. ಹಕ್ಕು ನಮ್ಮದು, ಕಥೆ ನಮ್ಮದು. ಒಬ್ಬರು ಕೊನೆಯಲ್ಲಿ ಮದುವೆ ಮಾಡಿಸಿ ಅಂದರು, ಅವರ ಚೆಕ್ ಬೇಡ ಅಂದೆವು. ಮುಂದೆ ಟಿಕೆಟ್ ಗಳಿಕೆಯಲ್ಲಿ ಪಾಲು ಕೇಳಿದರೆ ಅದು ದಾನವಲ್ಲ, ಹೂಡಿಕೆ. ಅದಕ್ಕೆ ಬೇರೆಯೇ ಒಪ್ಪಂದ. ತೆರಿಗೆ ರಿಯಾಯಿತಿ ಬೇಕು ಅನ್ನುವವರಿಗೆ ಅದಕ್ಕೆ ಅರ್ಹವಾದ ಸಂಸ್ಥೆಯೊಂದರ ಮೂಲಕ ಕೊಡಲು ಹೇಳುತ್ತೇವೆ.

ಕೊಟ್ಟವರನ್ನು ರೀಡಿಂಗಿಗಿಂತ ಮೊದಲು ತಾಲೀಮಿಗೇ ಕರೆಯುತ್ತೇವೆ. ಒಂದೇ ಸನ್ನಿವೇಶದ ಹಳೆ ಹಾಡು, ಹೊಸ ಹಾಡು ಎರಡನ್ನೂ ಕೇಳಿಸುತ್ತೇವೆ. ಅದಾದಮೇಲೆ ಪ್ರದರ್ಶನ ಯಾವಾಗ ಅಂತ ಅಷ್ಟಾಗಿ ಯಾರೂ ಕೇಳುವುದಿಲ್ಲ, ಹಳೆಯದೇ ಚೆನ್ನಾಗಿತ್ತು ಅಂತ ಜಗಳಕ್ಕೆ ಬರುತ್ತಾರೆ.