ದುಬಾರಿ ಬಟ್ಟೆ ಅಂಗಡಿಯ ಶಾಖೆ ಮುಚ್ಚಬೇಕಾಗಿ ಬಂದಾಗ ಬಂಡವಾಳ ಉಳಿಸಿಕೊಳ್ಳುವ ಬಗೆ

ಬಳ್ಳಾರಿಯಲ್ಲಿ ಚೆನ್ನಾಗಿ ನಡೆಯುವ ಹೆಣ್ಣುಮಕ್ಕಳ ಬಟ್ಟೆ ಅಂಗಡಿ ಕೊಪ್ಪಳ, ರಾಯಚೂರಿಗೂ ಕಾಲಿಟ್ಟ ಮೇಲೆ ಪೆಟ್ಟು ಬೀಳುವುದು ಹೆಚ್ಚಾಗಿ ಸೈಜಿನಲ್ಲಿ. ಐದು ಸೈಜಿನ ಸೆಟ್ಟಿನಲ್ಲಿ ಮೀಡಿಯಂ, ಲಾರ್ಜ್ ಬೇಗ ಖಾಲಿ. ಉಳಿದ ಮೂರು ಪೀಸು ಹ್ಯಾಂಗರಿನಲ್ಲೇ ತೂಗಾಡುತ್ತವೆ. ಮೂರು ಊರಲ್ಲಿ ಮೂರು ಮುರಿದ ಸೆಟ್ಟು ಎಂದರೆ ದುಡ್ಡು ಮೂರು ಕಡೆ ಸಿಕ್ಕಿಬಿದ್ದಂತೆ.

ಯುಗಾದಿ, ದೀಪಾವಳಿ ಎರಡೂ ಹಬ್ಬದ ಲಾಭದಲ್ಲಿ ಬಾಡಿಗೆ, ಸಂಬಳ, ಕರೆಂಟು ಬಿಲ್ಲು ಹುಟ್ಟದಿದ್ದರೆ ಆ ಶಾಖೆ ಮುಚ್ಚಲು ಮೂರನೇ ಹಬ್ಬಕ್ಕೆ ಕಾಯಬೇಡಿ. ಮೊದಲು ಬಾಡಿಗೆ ಕರಾರಿನಲ್ಲಿ ನೋಟಿಸಿನ ಅವಧಿ ನೋಡಿ, ಅಡ್ವಾನ್ಸಿನ ಲೆಕ್ಕವನ್ನು ಬರಹದಲ್ಲೇ ಮಾಡಿಕೊಳ್ಳಿ. ಆಮೇಲೆ ಪ್ರತಿ ಪೀಸನ್ನೂ ಖರೀದಿ ತಾರೀಖಿನಂತೆ ಬೇರ್ಪಡಿಸಿ. ಹೊಸದು, ಸೆಟ್ಟು ಪೂರ್ತಿ ಇರುವುದು ಬಳ್ಳಾರಿಗೆ ಹೋಗಲಿ. ಹಳೆಯದು, ಸೆಟ್ಟು ಮುರಿದದ್ದು ಅಲ್ಲೇ ಆಷಾಢದ ಸೇಲ್‌ನಲ್ಲಿ ಖಾಲಿಯಾಗಲಿ. ಶ್ರಾವಣ ಹುಟ್ಟಿದರೆ ಗಿರಾಕಿ ಹೊಸ ಮಾಲನ್ನೇ ಕೇಳುತ್ತಾಳೆ.

ರಿಯಾಯಿತಿ ಬರೆಯುವಾಗ ತೆರಿಗೆಯ ಗೆರೆ ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ ಹೊಲಿದ ಬಟ್ಟೆಗೆ ಪೀಸಿಗೆ ₹2,500ರವರೆಗೆ ಶೇ 5, ಅದರ ಮೇಲೆ ಶೇ 18 ಜಿಎಸ್‌ಟಿ. ತೆರಿಗೆ ಬಿಟ್ಟು ₹2,800 ಇದ್ದ ಕುರ್ತಿ ಗಿರಾಕಿಗೆ ₹3,304 ಬೀಳುತ್ತದೆ. ₹300 ಇಳಿಸಿ ₹2,500 ಮಾಡಿದರೆ ₹2,625 ಮಾತ್ರ. ನೀವು ಬಿಟ್ಟಿದ್ದು ₹300, ಆಕೆಗೆ ಉಳಿದಿದ್ದು ₹679. ರಿಯಾಯಿತಿಯನ್ನು ಬಿಲ್ಲಿನಲ್ಲೇ ತೋರಿಸಬೇಕು.

ಇಲ್ಲಿ ದೊಡ್ಡ ತಪ್ಪೊಂದು ಆಗುತ್ತದೆ: ಶಾಖೆ ಮುಚ್ಚುವ ಅವಸರದಲ್ಲಿ ಜಿಎಸ್‌ಟಿ ನೋಂದಣಿಯನ್ನೇ ರದ್ದು ಮಾಡಿಸುವುದು. ಹಾಗೆ ಮಾಡಿದರೆ ಉಳಿದ ಸ್ಟಾಕಿನ ಮೇಲೆ ಪಡೆದ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯ ವಜಾ) ವಾಪಸ್ ಕಟ್ಟಬೇಕಾಗುತ್ತದೆ, ಮೂರು ತಿಂಗಳೊಳಗೆ ಕೊನೆಯ ರಿಟರ್ನ್ ಜಿಎಸ್‌ಟಿಆರ್-10 ಸಲ್ಲಿಸಬೇಕಾಗುತ್ತದೆ. ಎಲ್ಲ ಶಾಖೆಗೂ ಒಂದೇ ನೋಂದಣಿ ಇದ್ದರೆ ಅದು ಬೇಡ. ಹೆಚ್ಚುವರಿ ವ್ಯಾಪಾರ ಸ್ಥಳದ ಪಟ್ಟಿಯಿಂದ ಆ ವಿಳಾಸವನ್ನು 15 ದಿನದೊಳಗೆ ತೆಗೆಸಿದರೆ ಸಾಕು. ಮಾಲು ಬಳ್ಳಾರಿಗೆ ಸಾಗಿಸಲು ಡೆಲಿವರಿ ಚಲನ್ (ಮಾರಾಟವಲ್ಲದ ಸಾಗಣೆಯ ಚೀಟಿ) ನಡೆಯುತ್ತದೆ, ತೆರಿಗೆ ಬೀಳುವುದಿಲ್ಲ. ಮೌಲ್ಯ ₹50,000 ದಾಟಿದರೆ ಇ-ವೇ ಬಿಲ್ (ಆನ್‌ಲೈನಿನಲ್ಲಿ ತೆಗೆಯುವ ಸಾಗಣೆ ಪತ್ರ) ಬೇಕು. 200 ಕಿ.ಮೀ. ಒಳಗಿನ ದಾರಿಗೆ ಅದರ ಅವಧಿ ಒಂದೇ ದಿನ, ಆದ್ದರಿಂದ ಗಾಡಿ ಬಾಗಿಲಿಗೆ ಬಂದ ಮೇಲೆಯೇ ತೆಗೆಯಿರಿ.

ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಯಲ್ಲಿ ಐದು ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಗ್ರಾಚ್ಯುಟಿ (ಸೇವೆಗೆ ಕೊಡುವ ಇಡಿಗಂಟು) ಸಲ್ಲಬೇಕು: ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಿ. ಕೌಂಟರಿನಲ್ಲಿ ನಿಂತು ಅಂಗಡಿ ಬೆಳೆಸಿದವರು ಅವರೇ. ಅವರ ಬಾಕಿ ಸಪ್ಲೈಯರ್ ಬಾಕಿಗಿಂತ ಮೊದಲು ತೀರಲಿ.

ಬೋರ್ಡು ಇಳಿಸುವ ಮುನ್ನ ಟೈಲರ್ ಹತ್ತಿರ ಹೋಗಿ ಬನ್ನಿ. ಫಾಲ್, ಕುಚ್ಚಿಗೆ ಕೊಟ್ಟ ಸೀರೆ, ಅಳತೆ ಚೀಟಿ ಪಿನ್ ಮಾಡಿದ ರವಿಕೆ ಕಣ ಅಲ್ಲೇ ಉಳಿದಿರುತ್ತವೆ. ಒಂದೊಂದರ ಗಿರಾಕಿಗೂ ಫೋನ್ ಮಾಡಿ, ಒಪ್ಪಿಸಿ, ಸಹಿ ಹಾಕಿಸಿಕೊಳ್ಳಿ.