ಹೊಸ ಸವಾರಿ ಬೂಟು ಕಾಲಿಗೆ ಒಗ್ಗುವವರೆಗೆ

ಕುದುರೆ ಸವಾರಿಯ ಉದ್ದ ಬೂಟು ಹೊಸದರಲ್ಲಿ ಬಿಗಿಯಾಗಿಯೇ ಇರಬೇಕು. ಮೊದಲ ದಿನವೇ ಹಿತವೆನಿಸಿದ ಬೂಟು ಕೆಲವು ತಿಂಗಳಲ್ಲಿ ಸಡಿಲಗೊಂಡು ಪಾದದ ಗಿಣ್ಣಿನ ಬಳಿ ಜೋಲು ಬೀಳುತ್ತದೆ. ಆದರೆ ಬಿಗಿಯಲ್ಲಿ ಎರಡು ಬಗೆ ಇದೆ. ಮೀನಖಂಡದ ಸುತ್ತ, ಗಿಣ್ಣಿನ ಮುಂಭಾಗದಲ್ಲಿ, ಮಂಡಿಯ ಹಿಂದೆ ಆಗುವ ಬಿಗಿ ಬಳಸುತ್ತ ಬಳಸುತ್ತ ಬಿಡುತ್ತದೆ. ಬೆರಳಿನ ತುದಿ ಬೂಟಿನ ಮೂತಿಗೆ ತಾಗುತ್ತಿದ್ದರೆ ಅದು ಎಂದಿಗೂ ಬಿಡುವುದಿಲ್ಲ; ಚರ್ಮ ಅಗಲವಾಗಬಲ್ಲದು, ಅಟ್ಟೆ ಉದ್ದವಾಗಲಾರದು. ಅಂಥ ಬೂಟನ್ನು ಪಳಗಿಸಲು ಹೋಗದೆ ಹಿಂದಿರುಗಿಸುವುದೇ ಸರಿ.

ನಾನು ಸವಾರಿ ಕಲಿಯುವುದು ಬೆಂಗಳೂರಿನ ಹೊರವಲಯದ ಒಂದು ಶಾಲೆಯಲ್ಲಿ. ಬೂಟು ಹೊಲಿಸಿದ್ದು ಕಾನ್ಪುರದಲ್ಲಿ. 1860ರ ದಶಕದಲ್ಲಿ ಸೇನೆಗೆಂದು ಸರ್ಕಾರಿ ಜೀನು ಕಾರ್ಖಾನೆ ಅಲ್ಲಿ ತಲೆ ಎತ್ತಿತು. ಜೀನು, ಲಗಾಮು, ಸವಾರಿ ಬೂಟಿನ ಕಸುಬು ಆ ಊರಿನಲ್ಲಿ ಇಂದಿಗೂ ಗಟ್ಟಿಯಾಗಿದೆ. ಅಳತೆ ಕೊಡುವಾಗ ನಾನು ಸವಾರಿಯ ಪ್ಯಾಂಟನ್ನೂ ಉದ್ದ ಕಾಲುಚೀಲವನ್ನೂ ಹಾಕಿಕೊಂಡು, ಕುರ್ಚಿಯ ಮೇಲೆ ಮಂಡಿಯನ್ನು ಲಂಬಕೋನಕ್ಕೆ ಮಡಿಸಿ ಕುಳಿತು, ಸಂಜೆಯ ಹೊತ್ತಿನಲ್ಲಿ ಟೇಪು ಹಿಡಿಸಿದ್ದೆ. ದಿನವಿಡೀ ನಿಂತು ನಡೆದ ಕಾಲು ಸಂಜೆಗೆ ತುಸು ಊದಿರುತ್ತದೆ, ಬೆಳಗಿನ ಅಳತೆಗೆ ಹೊಲಿದ ಬೂಟು ಸಂಜೆ ಹಿಂಸೆ ಕೊಡುತ್ತದೆ. ಮೀನಖಂಡದ ಅತಿ ದಪ್ಪ ಭಾಗದ ಸುತ್ತಳತೆ, ನೆಲದಿಂದ ಮಂಡಿಯ ಹಿಂದಿನ ಮಡಿಕೆಯವರೆಗಿನ ಎತ್ತರ, ಎರಡೂ ಬೇಕು, ಎರಡೂ ಕಾಲಿನದು ಬೇಕು. ನನ್ನ ಬಲಗಾಲು ಎಡಗಾಲಿಗಿಂತ ದಪ್ಪ ಎಂಬುದು ತಿಳಿದದ್ದೇ ಆಗ.

ಬೂಟು ಬಂದಾಗ ಹಿಂಬದಿಯ ಜಿಪ್ ಮೀನಖಂಡದ ಅರ್ಧಕ್ಕೇ ನಿಂತಿತು. ಮೇಲಂಚು ಮಂಡಿಯ ಹಿಂದೆ ಒತ್ತುತ್ತಿತ್ತು. ನಮ್ಮ ತರಬೇತುದಾರರು ಸೇನೆಯಲ್ಲಿ ಕುದುರೆಗಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರು. ಅವರು ಬೂಟನ್ನು ತಿರುಗಿಸಿ ನೋಡಿ, “ಎತ್ತರ ಸರಿಯಾಗಿದೆಯಮ್ಮ, ಇದು ಇಳಿಯಬೇಕು, ಇಳಿಯುತ್ತದೆ” ಎಂದರು.

ಈ ಇಳಿಯುವಿಕೆಯೇ ಇಡೀ ಕೆಲಸದ ಗುಟ್ಟು. ಗಿಣ್ಣಿನ ಬಳಿ ಚರ್ಮ ಮಡಿಕೆ ಬಿದ್ದಂತೆಲ್ಲ ಬೂಟಿನ ಕೊಳವೆ ಕೆಳಗೆ ಕೂರುತ್ತದೆ. ಸಾಮಾನ್ಯವಾಗಿ 2–3 ಸೆಂ.ಮೀ., ಕೆಲವೊಮ್ಮೆ ಇನ್ನೂ ಹೆಚ್ಚು. ಅದಕ್ಕೆಂದೇ ಹೊಸ ಬೂಟನ್ನು ಬೇಕಾದುದಕ್ಕಿಂತ ಎತ್ತರವಾಗಿ ಹೊಲಿಯುತ್ತಾರೆ. ಕೊಳವೆ ಎತ್ತರದಲ್ಲಿ ನಿಂತಿರುವವರೆಗೆ ಅದರ ಅಗಲವಾದ ಭಾಗ ಮೀನಖಂಡದ ಉಬ್ಬಿಗಿಂತ ಮೇಲಿರುತ್ತದೆ, ಕಿರಿದಾದ ಭಾಗ ಉಬ್ಬನ್ನು ಅಮುಕುತ್ತದೆ. ಬೂಟು ಕೆಳಗಿಳಿದರೆ ಎರಡೂ ಹೊಂದಿಕೊಳ್ಳುತ್ತವೆ. ಮೀನಖಂಡ ಬಿಗಿಯಿದೆ ಎಂದು ಅಲ್ಲೇ ಚರ್ಮ ಹಿಗ್ಗಿಸಲು ಹೊರಡುವವರು ಬೂಟು ಇಳಿದ ಮೇಲೆ ದೊಗಳೆಯಾಯಿತೆಂದು ಕೊರಗುವುದನ್ನು ನೋಡಿದ್ದೇನೆ. ಮೊದಲು ಪಳಗಬೇಕಾದದ್ದು ಗಿಣ್ಣು.

ಹಾಗಾಗಿ ಮನೆಯಲ್ಲಿ ಗಿಣ್ಣಿನ ಮುಂದಿನ ಲೇಸನ್ನು ಪೂರ್ತಿ ಸಡಿಲಿಸಿ, ಮಂಡಿಯವರೆಗಿನ ತೆಳು ನೈಲಾನ್ ಕಾಲುಚೀಲಕ್ಕೆ ಟಾಲ್ಕಂ ಪೌಡರ್ ಸವರಿ, ಜಿಪ್ ಎಲ್ಲಿಯವರೆಗೆ ಸುಲಭವಾಗಿ ಬರುತ್ತದೋ ಅಲ್ಲಿಯವರೆಗೆ ಮಾತ್ರ ಎಳೆದು ಕೂರುತ್ತಿದ್ದೆ. ಕುಳಿತಲ್ಲೇ ಹಿಮ್ಮಡಿ ಎತ್ತಿ ಇಳಿಸುವುದು, ಆಮೇಲೆ ಮೆಟ್ಟಿಲು ಹತ್ತಿ ಇಳಿಯುವುದು. ಹತ್ತುವಾಗ ಮುಂಗಾಲನ್ನಷ್ಟೇ ಮೆಟ್ಟಿಲ ಅಂಚಿಗಿಟ್ಟು ಹಿಮ್ಮಡಿಯನ್ನು ಕೆಳಗೆ ಇಳಿಬಿಡುತ್ತಿದ್ದೆ. ಅದು ಕುದುರೆಯ ಮೇಲೆ ರಿಕಾಪಿನಲ್ಲಿ, ಅಂದರೆ ಜೀನಿನಿಂದ ತೂಗುವ ಬಳೆಯಲ್ಲಿ, ಕಾಲಿಡುವ ಭಂಗಿಯೇ. ಸುಮ್ಮನೆ ಓಡಾಡಿದರೆ ಮಡಿಕೆ ಬೆರಳುಗಳ ಬುಡದಲ್ಲಿ ಬೀಳುತ್ತದೆ. ಸವಾರನಿಗೆ ಬೇಕಾದ ಮಡಿಕೆ ಗಿಣ್ಣಿನಲ್ಲಿ.

ಮಂಡಿಯ ಹಿಂದೆ ಒತ್ತುವುದಕ್ಕೆ ಹಿಮ್ಮಡಿಯಡಿ ಚರ್ಮದ ದಿಂಬು ಇಟ್ಟುಕೊಂಡೆ. ಕಾಲು ಒಂದು ಸೆಂ.ಮೀ. ಮೇಲೆದ್ದರೂ ಮೇಲಂಚು ಕೊರೆಯುವುದು ನಿಲ್ಲುತ್ತದೆ. ಅದೇ ದಿಂಬು ಪಾದದ ಮೇಲ್ಭಾಗವನ್ನು ಬೂಟಿಗೆ ಒತ್ತುತ್ತದೆ ಎಂಬುದು ನೆನಪಿರಲಿ. ಲೇಸಿಲ್ಲದ ಬೂಟಿನಲ್ಲಿ ಇದು ಕಷ್ಟ. ಬೂಟು ಇಳಿದಂತೆ ದಿಂಬನ್ನು ತೆಳುವಾದದ್ದಕ್ಕೆ ಬದಲಿಸುತ್ತ ಕೊನೆಗೆ ತೆಗೆದುಬಿಟ್ಟೆ. ಮಂಡಿಯ ಹಿಂದೆಯೂ ಹಿಮ್ಮಡಿಗೂ ಅಂಟುಪಟ್ಟಿ ಹಾಕುವುದು ಬೂಟು ಕಚ್ಚುವುದಕ್ಕೆ ಮುಂಚೆ, ಗುಳ್ಳೆ ಎದ್ದ ಮೇಲಲ್ಲ.

ಜಿಪ್ಪಿನ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ಬೂಟಿನ ಎರಡು ಅಂಚನ್ನೂ ಒಂದು ಕೈಯಿಂದ ಹತ್ತಿರ ತಂದು ಹಿಡಿಯಬೇಕು, ಇನ್ನೊಂದು ಕೈ ಜಿಪ್ಪನ್ನು ಮೆಲ್ಲಗೆ ಮೇಲೆ ಒಯ್ಯಬೇಕು. ಚರ್ಮವನ್ನು ಕೂಡಿಸುವ ಕೆಲಸವನ್ನು ಜಿಪ್ಪಿನ ಮೇಲೆಯೇ ಹೊರಿಸಿದರೆ ಹಲ್ಲು ಕಿತ್ತು ಬರುತ್ತದೆ. ಮೇಣದಬತ್ತಿಯ ತುಂಡನ್ನು ಹಲ್ಲುಗಳ ಮೇಲೆ ಉಜ್ಜಿದರೆ ಸರಾಗವಾಗುತ್ತದೆ. ಅಖಾಡದ ಮರಳು ಜಿಪ್ಪಿನ ಬುಡದಲ್ಲಿ ಸೇರಿಕೊಳ್ಳುತ್ತದೆ, ಪ್ರತಿ ಸಲ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಅದನ್ನು ತೆಗೆಯುತ್ತೇನೆ.

ಬೂಟು ಪೂರ್ತಿ ಮುಚ್ಚುವಂತಾದ ಮೇಲೆ ಶಾಲೆಗೆ ಒಯ್ದೆ, ಆದರೆ ಹಳೆಯದನ್ನು ಬಿಡಲಿಲ್ಲ. ಪಾಠವೆಲ್ಲ ಹಳೆಯ ಬೂಟಿನಲ್ಲಿ. ಕೊನೆಯಲ್ಲಿ ಕುದುರೆಯ ಬೆವರು ಆರಿಸಲು ನಡೆಸುವಾಗ ಮಾತ್ರ ಹೊಸದು. ಕಾಲು ಬಿಸಿಯಾಗಿರುವ ಹೊತ್ತು ಚರ್ಮವೂ ಬೇಗ ಮಣಿಯುತ್ತದೆ. ಅಂದೇ ಇನ್ನೊಂದನ್ನು ಪರೀಕ್ಷಿಸಿಕೊಂಡೆ: ಹೊಸ ಬೂಟಿನ ಅಟ್ಟೆ ಹಳೆಯದಕ್ಕಿಂತ ಅಗಲವಿದ್ದರೆ ಹಳೆಯ ರಿಕಾಪಿನಲ್ಲಿ ಕಾಲು ಸಿಕ್ಕಿಕೊಳ್ಳಬಹುದು. ಬೂಟಿನ ಅಗಲಕ್ಕಿಂತ ರಿಕಾಪು ಸುಮಾರು 2.5 ಸೆಂ.ಮೀ. ಹೆಚ್ಚಿರಬೇಕು. ಬಿದ್ದ ಸವಾರನ ಕಾಲು ಬಿಡಿಸಿಕೊಳ್ಳದಿದ್ದರೆ ಕುದುರೆ ಎಳೆದುಕೊಂಡು ಓಡುತ್ತದೆ, ಇದರಲ್ಲಿ ರಾಜಿ ಇಲ್ಲ. ಬೆರಳು ಜೋಮು ಹಿಡಿದರೆ ಆಗಲೇ ಇಳಿದು ಬೂಟು ಕಳಚಬೇಕು. ಕಾಲು ಊದಿ ಕಳಚಲು ಬಾರದಿದ್ದರೆ, ಮಲಗಿ ಕಾಲನ್ನು ಗೋಡೆಗೆ ಎತ್ತರಿಸಿ ಸ್ವಲ್ಪ ಹೊತ್ತು ಇಟ್ಟರೆ ಊತ ಇಳಿಯುತ್ತದೆ.

ಬೂಟನ್ನು ಬಿಸಿನೀರಿನಲ್ಲಿ ನೆನೆಸಿ, ಕಾಲ ಮೇಲೆಯೇ ಒಣಗುವವರೆಗೆ ತೊಟ್ಟಿರುವುದು ಹಳೆಯ ಅಶ್ವದಳದವರ ಪದ್ಧತಿ. ತಂಗಡಿ ತೊಗಟೆ, ಅಳಲೆಕಾಯಿಯಂಥ ಸಸ್ಯವಸ್ತುಗಳಿಂದ ಹದಮಾಡಿದ ಚರ್ಮ ನೀರು ಕುಡಿದಾಗ ಮೆತ್ತಗಾಗಿ, ಒಣಗುವಾಗ ಇದ್ದ ಆಕಾರವನ್ನು ಹಿಡಿದುಕೊಳ್ಳುತ್ತದೆ. ಆ ಬೂಟಿಗೆ ಆ ಉಪಾಯ ಒಪ್ಪುತ್ತಿತ್ತು. ನನ್ನ ಬೂಟಿನ ಕೊಳವೆ ಕ್ರೋಮ್‌ನಿಂದ ಹದಮಾಡಿದ್ದು. ಅದು ನೀರಿಗೆ ಹಾಗೆ ಮಣಿಯುವುದಿಲ್ಲ, ಮೇಲಾಗಿ ಅಟ್ಟೆಯಲ್ಲಿ ಅಂಟು ಇದೆ. ಆದ್ದರಿಂದ ಗಿಣ್ಣಿನ ಭಾಗಕ್ಕೆ ಮಾತ್ರ ಒದ್ದೆ ಸ್ಪಂಜಿನಲ್ಲಿ ಚರ್ಮ ತೊಳೆಯುವ ಸ್ಯಾಡಲ್ ಸೋಪು ಹಚ್ಚಿ, ಆರಿದ ಮೇಲೆ ಚರ್ಮದ ಕಂಡಿಷನರ್ ಸವರಿದೆ. ಹೇರ್ ಡ್ರೈಯರ್, ಬಿಸಿಲು ಎರಡನ್ನೂ ದೂರವಿಟ್ಟೆ. ಒದ್ದೆ ಚರ್ಮಕ್ಕೆ ಹೆಚ್ಚು ಬಿಸಿ ತಗುಲಿದರೆ ನಾರು ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಮೆದುವಾಗುವುದಿಲ್ಲ.

ಹೊಸ ಚಪ್ಪಲಿಗೆ ಹರಳೆಣ್ಣೆ ಸವರುವುದು ನಮ್ಮ ಕಡೆ ಹಳೆಯ ರೂಢಿ, ಮನೆಯಲ್ಲಿ ಅಜ್ಜಿ ಅದನ್ನೇ ಹೇಳಿದರು. ಚಪ್ಪಲಿಗೆ ಅದು ಒಳ್ಳೆಯದೇ. ಹೊಳಪು ಬೇಕಾದ ಬೂಟಿನ ಮೇಲೆ ಅದರ ಜಿಗುಟಿಗೆ ದೂಳು ಹತ್ತುತ್ತದೆ, ಪಾಲಿಶ್ ಹಿಡಿಯುವುದಿಲ್ಲ. ದನದ ಕಾಲಿನ ಮೂಳೆಯಿಂದ ತೆಗೆಯುವ ನೀಟ್ಸ್‌ಫುಟ್ ಎಣ್ಣೆ ಚರ್ಮವನ್ನು ಬಹಳ ಬೇಗ ಮೆದುಗೊಳಿಸುತ್ತದೆ. ಅದನ್ನೂ ಗಿಣ್ಣಿನ ಮಡಿಕೆಗೆ ತೆಳುವಾಗಿ ಮಾತ್ರ ಹಚ್ಚಬೇಕು. ಕೊಳವೆಗೆಲ್ಲ ಸುರಿದರೆ ಬೂಟು ತನ್ನ ಸೆಟೆತ ಕಳೆದುಕೊಳ್ಳುತ್ತದೆ.

ಇಷ್ಟಾದರೂ ಬಲಗಾಲಿನ ಮೀನಖಂಡದಲ್ಲಿ ಕೊಂಚ ಬಿಗಿ ಉಳಿಯಿತು. ಬೂಟು ಪೂರ್ತಿ ಇಳಿದದ್ದು ಖಚಿತವಾದ ಮೇಲೆಯೇ ಶಿವಾಜಿನಗರದ ಒಬ್ಬ ಬೂಟು ದುರಸ್ತಿಗಾರರ ಬಳಿ ಕೊಟ್ಟೆ. ಅವರು ಕೊಳವೆಯೊಳಗೆ ತಿರುಪಿನ ಅಚ್ಚು ಕೂರಿಸಿ, ಹಿಗ್ಗಿಸುವ ದ್ರಾವಣ ಸಿಂಪಡಿಸಿ, ರಾತ್ರಿಯಿಡೀ ಬಿಟ್ಟು ಸ್ವಲ್ಪ ಸ್ವಲ್ಪವೇ ತಿರುಪು ಬಿಗಿಸಿದರು. ಹೀಗೆ ಸಿಗುವುದು ಹೆಚ್ಚೆಂದರೆ ಒಂದೂವರೆ ಸೆಂ.ಮೀ. ಅದಕ್ಕಿಂತ ಹೆಚ್ಚು ಬೇಕಾದವರು ಹೊಲಿಗೆ ಬಿಚ್ಚಿಸಿ ಎಲಾಸ್ಟಿಕ್ ಪಟ್ಟಿ ಸೇರಿಸಿಕೊಳ್ಳಬೇಕು. ಎಡಗಾಲಿನದನ್ನು ಮುಟ್ಟಿಸಲಿಲ್ಲ.

ಈಗ ಸವಾರಿ ಮುಗಿದ ಕೂಡಲೇ ಒದ್ದೆ ಬಟ್ಟೆಯಿಂದ ಬೆವರು ಒರೆಸಿ, ಒಳಗೆ ಮರದ ಅಚ್ಚು ಇಟ್ಟು, ಜಿಪ್ ಹಾಕಿ ನಿಲ್ಲಿಸುತ್ತೇನೆ. ಮಳೆಗಾಲದಲ್ಲಿ ಮಾತ್ರ ಮೊದಲು ದಿನಪತ್ರಿಕೆ ತುರುಕಿ ತೇವ ಹೀರಿಸಿ, ಆಮೇಲೆ ಅಚ್ಚು. ಮುಚ್ಚಿದ ಕಪಾಟಿನಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ, ಗಾಳಿಯಾಡುವ ಮೂಲೆಯಲ್ಲಿಟ್ಟರೆ ಇಲ್ಲ.